‘ಒಟ್ಟು’ ಅನ್ನೂ ಮನಿ

ಈ ಫಾರ್ಮು ಛಾಪಿಸಿದಾಂವ ನಾನಽ.
ಬೆಟಗೇರಿಯೊಳಗ, ನಮ್ಮ ಹಳೇ ಮಷೀನಿನ ಮ್ಯಾಲ,
ಹೋದ ಶ್ರಾವಣದಾಗ, ನಲವತ್ತು ಬುಕ್ಕು.
ಬಿಳಿ, ಹಳದಿ, ಗುಲಾಬಿ, ಮೂರು ಪ್ರತಿ,
ಕಾರ್ಬನ್ ಬ್ಯಾಡದ ಕಾಗದ.
ಮ್ಯಾಲಿನದರ ಮ್ಯಾಲ ಒತ್ತಿ ಬರದ್ರ
ಕೆಳಗಿನವಕ್ಕೂ ಮುಟ್ಟತೈತಿ.

ಪ್ರೂಫ್ ನೋಡಿ ದವಾಖಾನಿಯವರು ತಿರುಗಿ ಕಳಿಸಿದ್ರು:
“‘ಒಟ್ಟು’ ಅನ್ನೂ ಮನಿ ಸಣ್ಣದಾಗೇತ್ರಿ ಪವಾರ,
ಇನ್ನೊಂದು ಅಂಕಿ ಹಿಡಿಯೂವಷ್ಟು ಅಗಲ ಮಾಡ್ರಿ.”
ಮಾಡಿದೆ. ನಗಕೋತನಽ ಮಾಡಿದೆ.
ಗೆರಿ ಸರಿಸಾಕ ನನಗೇನು, ಒಂದು ಗಳಿಗಿ.

ಇವತ್ತು ಅದಽ ಹಾಳಿ
ಗಾಜಿನ ಕಿಂಡಿಯೊಳಗಿಂದ ನನ್ನ ಕೈಗೆ ಬಂತು.
ಖಾಲಿ ಮನಿಗೆಲ್ಲಾ ಒಕ್ಕಲು ಬಂದಾವು.
ಹೆಸರು: ಸುಭದ್ರಾಬಾಯಿ ತುಳಜಾಸಾ ಪವಾರ. ವಯಸ್ಸು ನಲವತ್ತಾರು.
ಪಿತ್ತಕೋಶದಾಗ ಕಲ್ಲು,
ಹುಣಸಿಬೀಜದಷ್ಟು.

ಹೂಗಾರ ಅನ್ನೂ ಹುಡುಗಿ ಪೆನ್ನಿನ ತುದೀಲೆ ತೋರಿಸಿದಳು:
ಜನರಲ್ ವಾರ್ಡಾದ್ರ ನಲವತ್ತೆರಡು ಸಾವಿರ,
ಇಬ್ಬರ ಖೋಲಿಗೆ ಐವತ್ತೈದು,
ಸ್ಪೆಷಲ್ಲಿಗೆ ಎಪ್ಪತ್ತೆಂಟು.
ಸುಭದ್ರಾ ಹೊಟ್ಟಿ ಹಿಡಕೊಂಡು ಬೆಂಚಿನ ಮ್ಯಾಲಿಂದನಽ ಕೇಳಿದಳು:
“ಡಾಕ್ಟರು ಅವರಽ, ಕತ್ತರಿ ಅದಽ,
ಮಲಗೂ ಖೋಲಿ ಬದಲಾದ್ರ
ಹೊಲಿಗಿ ದರ ಯಾಕ ಬದಲಾಗತೈತಿ ತಂಗಿ?”
ಹುಡುಗಿ ಪರದೆ ನೋಡಿದಳು.
“ಕಂಪ್ಯೂಟರ್ ಹಂಗಽ ತೋರಸತೈತ್ರಿ.”

ವಿಮಾ ಐತೇನ್ರಿ?
ಐತಿ. ಕಂತು ಒಂದೂ ತಪ್ಪಿಸಿಲ್ಲ.
ಆದ್ರ ಕಲ್ಲಿನ ಬ್ಯಾನಿಗೆ ಎರಡು ವರ್ಷ ಕಾಯಬೇಕಂತ,
ನಮ್ಮ ಪಾಲಿಸಿಗೆ ಈಗ ಹತ್ತೊಂಬತ್ತು ತಿಂಗಳು.
ಇನ್ನೈದು ತಿಂಗಳು ತಡಿ ಅಂತ
ಆ ಕಲ್ಲಿಗೆ ಹೇಳಾವರು ಯಾರು?

“ಹಂಗಾರ ಕಂತಿನಾಗ ಕೊಡ್ರಿ, ಬಡ್ಡಿ ಸೊನ್ನಿ.”
ಒಂದು ಪತ್ರಕ ಸರಿಸಿದಳು. ಅದು ನನ್ನ ಛಾಪಲ್ಲ, ಹುಬ್ಬಳ್ಳಿಯದು.
ದೊಡ್ಡ ಸೊನ್ನಿ, ಕೆಂಪು ಮಸಿ,
ಅದರ ನೆರಳಾಗ ಇರುವಿ ಸಾಲು:
ಪ್ರಕ್ರಿಯಾ ಶುಲ್ಕ, ತಡವಾದ್ರ ದಂಡ, ದಂಡದ ಮ್ಯಾಲ ತೆರಿಗಿ.
ಆರು ಪಾಯಿಂಟಿನ ಅಕ್ಷರ.
ಇಂಥಾವು ಮೂವತ್ತು ವರ್ಷ ನಾನೂ ಜೋಡಿಸೀನಿ.
ಓದೂದು ಇವತ್ತು ಕಲತೆ.

“‘ಇತರೆ’ ಅಂದ್ರೇನು, ತಂಗಿ?”
“ಕೈಗವಸು, ಹತ್ತಿ, ಸೂಜಿ… ಮನಿಗೆ ಹೋಗೂ ದಿನ ಗೊತ್ತಾಗತೈತ್ರಿ.”
ಆ ಮನಿ ಒಂದಽ ಇನ್ನೂ ಖಾಲಿ.
ತುಂಬಿದವುಕ್ಕಿಂತ ಅದರದಽ ನನಗ ಅಂಜಿಕಿ.

ಮುಂಗಡ ಇಪ್ಪತ್ತು ಸಾವಿರ, ಈಗಿಂದೀಗ.
ಆವಾಗ ಸುಭದ್ರಾ ಎದ್ದು ಬಂದಳು, ಸೆರಗು ಸೊಂಟಕ್ಕ ಸಿಗಿಸಿ.
“ಈ ಬುಕ್ಕು ನಮ್ಮವರು ಮಾಡಿದ್ದು.
ಹನ್ನೊಂದು ಸಾವಿರದಾ ಆರುನೂರು ಬಾಕಿ, ಶ್ರಾವಣದ್ದು.
ಈಗ ಮಾಘ ಬಂತು. ಅದನ್ನ ಇದರಾಗ ಕಳೀರಿ.”
ಕಿಂಡಿ ಮುಂದಿನ ಸಾಲು ಸುಮ್ಮನಾತು.
ಹುಡುಗಿ ಮ್ಯಾಲಿನ ಮಜಲಿಗೆ ಫೋನ್ ಹಚ್ಚಿದಳು,
ಹೂಂ ಅಂದಳು, ಹೂಂ ಅಂದಳು, ಇಟ್ಟಳು.
“ಅದು ಬ್ಯಾರೆ ವಿಭಾಗಂತ್ರಿ ಅಕ್ಕಾರ.
ಕೊಡೂದಕ್ಕ ಅವರಿಗೆ ಟೈಮ್ ಬೇಕಂತ.”

ಮೊಬೈಲ್ ಟಿಣ್ ಅಂತು. ಇಪ್ಪತ್ತು ಸಾವಿರ ಹೋತು.
ಪಾವತಿ ನಂಬರು ನಾಲ್ಕು ನೂರಾ ಎಪ್ಪತ್ತೇಳು,
ಎರಡೂ ಏಳು ವಾರಿ.
ನನ್ನ ನಂಬರಿಂಗ್ ಮಷೀನಿನಾಗ ಏಳು ಎಂದಿನಿಂದಲೂ ವಾರಿ,
ರಿಪೇರಿ ಮಾಡಿಸಿದ್ದಿಲ್ಲ, ಯಾರು ನೋಡತಾರಂತ.

ರಾತ್ರಿ ವಾರ್ಡಿನಾಗ, ಸಲಾಯನ್ ಹಚ್ಚಿದ ಕೈ ಬಿಟ್ಟು
ಇನ್ನೊಂದು ಕೈಲೆ ಆಕಿ ಹಳದಿ ಪ್ರತಿ ಮುಟ್ಟಿ ನೋಡಿದಳು,
ಸೀರಿ ಅಂಗಡ್ಯಾಗ ಸೆರಗು ನೋಡಿಧಂಗ.
“ಕಾಗದ ಚಲೋ ಐತಿ. ನೀವು ಕಡಿಮಿ ಹಚ್ಚೀರಿ.”
ಸ್ವಲ್ಪ ಹೊತ್ತು ಬಿಟ್ಟು, ಕಣ್ಣು ಮುಚ್ಚಕೊಂಡು:
“ನಮ್ಮ ಬಿಲ್ಲಿನಾಗೂ ಒಂದು ಮನಿ ಹಾಕ್ರಿ ಇನ್ನ,
‘ಇತರೆ’ ಅಂತ.”