ನೀರು ಕುಡಿದವನು

ಮುಸಫ್ಫಾದ ಲೇಬರ್ ಕ್ಯಾಂಪು, ಎರಡನೇ ಬ್ಲಾಕಿನ ಕ್ಲಿನಿಕ್ಕು.
ಹನ್ನೆರಡೂವರೆಯ ಸೈರನ್ ಆಗಷ್ಟೇ ನಿಂತಿತ್ತು.
ಶಫೀಕುಲ್ ಹೆಗಲಿಗೆ ಹಾಕಿಕೊಂಡು ತಂದ
ಸುರಪುರದ ಮೌಲಪ್ಪನನ್ನು:
ಮೀನಖಂಡ ಗಂಟುಕಟ್ಟಿ, ಮಾತು ತೊದಲಿ.

‘ನೀರ ಕುಡದೀನ್ರೀ ಬ್ರದರ,
ಮುಂಜಾನಿಂದ ಎಂಟು ಬಾಟ್ಲಿ. ಬರೇ ನೀರ.
ಹಂಗಾದ್ರ ಯಾಕ ಬಿದ್ನಿ?’

ಅದಕ್ಕೇ ಬಿದ್ದೆ ಎನ್ನಲು ನನಗೆ ನಾಲಗೆ ಏಳಲಿಲ್ಲ.
ಕಳಚಿದ ನೀಲಿ ಅಂಗಿ ನೆಲದ ಮೇಲೆ.
ಬೆನ್ನಿನ ಜಾಗದಲ್ಲಿ ಬಿಳಿಗೆರೆ, ಒಂದರೊಳಗೊಂದು,
ಇಳಿದ ಕಡಲು ಬಿಟ್ಟುಹೋದ ಹಾಗೆ.
ಉಪ್ಪು ಅಲ್ಲಿತ್ತು. ಅವನಲ್ಲಿರಲಿಲ್ಲ.

ಒಂದೊಂದು ಕೋಶಕ್ಕೂ ಒಂದು ಗೋಡೆ; ಗೋಡೆ ಎಂದರೆ ತಪ್ಪು,
ಎಣ್ಣೆಯ ಎರಡು ಪದರ. ಒಂದು ಕೂದಲನ್ನು
ಹತ್ತು ಸಾವಿರ ಸೀಳು ಸೀಳಿದರೆ ಒಂದು ಸೀಳಿನ ದಪ್ಪ.
ನೀರು ಅದರ ಕಿಂಡಿಗಳಲ್ಲಿ ಸಾಲು ಮುರಿಯದೆ
ಒಂದರ ಹಿಂದೊಂದು ಹೋಗುತ್ತದೆ
ಉಪ್ಪು ಹೆಚ್ಚಿರುವ ಕಡೆಗೆ. ಅದಕ್ಕೆ ಗೊತ್ತಿರುವ ದಿಕ್ಕು ಅದೊಂದೇ.
ಹೊರಗೆ ಉಪ್ಪು ತೆಳುವಾಯಿತೋ, ಒಳಗೇ ನುಗ್ಗಿ
ಕೋಶ ನೆನೆಹಾಕಿದ ಕಡಲೆಯಂತೆ ಊದುತ್ತದೆ.
ತಲೆಬುರುಡೆ ಮಾತ್ರ ಊದುವುದಿಲ್ಲ.

ಉಪ್ಪಿಗೆ ಅಷ್ಟು ಸಲೀಸಲ್ಲ.
ಎಣ್ಣೆ ಅದನ್ನು ಮುಟ್ಟಿಸಿಕೊಳ್ಳುವುದಿಲ್ಲ.
ನುಸುಳಿದ್ದನ್ನೂ ಹಿಡಿದು ತಳ್ಳುವ ಪಂಪು
ಹಗಲಿರುಳು: ಮೂರನ್ನು ಆಚೆ, ಬೇರೆ ಎರಡನ್ನು ಈಚೆ.
ಉಂಡ ಅನ್ನದಲ್ಲಿ ದೊಡ್ಡ ಪಾಲು ಈ ಕೂಲಿಗೇ.
ಆದರೂ ಕರುಳಿನಲ್ಲಿ ಒಂದು ವಿಚಿತ್ರ ಬಾಗಿಲುಂಟು.
ಸಕ್ಕರೆ ಒಂಟಿ ಬಂದರೆ ತೆರೆಯದು,
ಉಪ್ಪು ಒಂಟಿ ಬಂದರೂ ತೆರೆಯದು,
ಕೈಹಿಡಿದು ಬಂದರೆ ಒಟ್ಟಿಗೇ ಒಳಬಿಟ್ಟು
ಸುಮ್ಮನೆ ತಿರುಗಿಕೊಳ್ಳುತ್ತದೆ.
ಅವುಗಳ ಬೆನ್ನಿಗೇ ನೀರು.

ಪೊಟ್ಟಣ ಹರಿದು ಪುಡಿ ಕಲಸಿದೆ. ಚಮಚ ಲೋಟಕ್ಕೆ ಬಡಿಯಿತು.
ಗುಟುಕಿಗೊಮ್ಮೆ ಮುಖ ಕಿವುಚಿದ. ಅರ್ಧ ಗಂಟೆ.
ಕಾಲು ಸಡಿಲಾಗಿ, ಮಾತು ನೆಟ್ಟಗಾಗಿ:
‘ಉಪ್ಪ ತಿಂದಾವ ನೀರ ಕುಡೀಬೇಕಂತಾರ, ಕೇಳೀನ್ರೀ.
ನೀರ ಕುಡದಾವ ಉಪ್ಪ ತಿನ್ನಬೇಕಂತ
ಯಾರೂ ಹೇಳಿರಲಿಲ್ಲ ನೋಡ್ರಿ.’
ಕನ್ನಡ ಬಾರದ ಶಫೀಕುಲ್ ಕೂಡ ನಕ್ಕ.

ಮೂರು ಗಂಟೆಗೆ ಫೋರ್‌ಮನ್ ಫಾರಂ ಕಳಿಸಿದ.
ಕಾರಣದ ಕೆಳಗೆ ಮೊದಲೇ ಅಚ್ಚಾಗಿತ್ತು:
ಸಾಕಷ್ಟು ನೀರು ಕುಡಿದಿಲ್ಲ.
ಗೀಟು ಹೊಡೆದೆ. ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ,
ಉಪ್ಪು, ಎಂದು.
ನನ್ನ ಅಂಗೈ ಊರಿದ್ದ ಕಡೆ ಕಾಗದ ಬೆವರಿಗೆ ಹಸಿಯಾಗಿ
ಶಾಯಿ ಮೆಲ್ಲಗೆ
ಹಿಂಬದಿಗೂ ಇಳಿಯಿತು.