ನೆಲ ಡೊಂಕು

ಅಥ್ಲೋನಿನ ಹಿತ್ತಿಲಲ್ಲಿ ನನ್ನ ಗ್ಯಾರೇಜು.
ಆಗ್ನೇಯದ ಗಾಳಿ ಬೆಳಗಿನಿಂದ ತಗಡು ಬಡಿಯುತ್ತಿದೆ.
ಕೀನನ್ ತಂದ ಗಾಲ್ಫ್ ಅವನಿಗಿಂತ ಎರಡು ವರ್ಷ ದೊಡ್ಡದು,
ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ್ದಾನೆ
ಟೈರಿನ ಮೇಲೆ ಮುಷ್ಟಿ ನುಗ್ಗದಷ್ಟು.

"ನೋಡು ಫಲ್ದೀಲಾ ಆಂಟಿ, ನಾಲ್ಕೇ ತಿಂಗಳ ಟೈರು."
ಕೈಯಾಡಿಸಿದೆ. ಹೊರಗೆ ಹೊಸದರ ಹಲ್ಲು.
ಒಳಗಂಚಿನಲ್ಲಿ ತಂತಿ ಇಣುಕಿ
ಬೆರಳು ಕೊಯ್ದಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನನ್ನದು ನಿಜಕ್ಕೂ ಡೊಂಕು:
ಅಪ್ಪ ಹಾಕಿದ ಕಾಂಕ್ರೀಟು, ರಂಜಾನಿನಲ್ಲಿ,
ಹೊತ್ತು ಮುಳುಗುವುದರೊಳಗೆ ಮುಗಿಸುವ ಅವಸರ.
ಎಡಮುಂದಿನ ಗಾಲಿಯಡಿ ಮೂರು ವಿನೈಲ್ ಬಿಲ್ಲೆ,
ಬಲಹಿಂದಿನದಕ್ಕೆ ಒಂದು.
ನೀರು ತುಂಬಿದ ಕೊಳವೆ ಒಪ್ಪಿದ ಮೇಲೆ
ಮುಂದಿನ ಮಾತು.

ಆಮೇಲೆ ದಾರ. ಮೀನುಗಾಳದ ನೈಲಾನು,
ಎರಡೂ ಮಗ್ಗುಲಿಗೆ, ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಬಿಗಿದು.
ಗಾಳಿಗೆ ಝುಮ್ಮೆಂದಿತು; ಬಾಗಿಲು ಹಾಕಿಸಿದೆ.
ರಿಮ್ಮಿನ ಹಿಂದಂಚಿಗೊಮ್ಮೆ, ಮುಂದಂಚಿಗೊಮ್ಮೆ ಅಡಿಪಟ್ಟಿ:
ಮುಂಗಾಲಿಗಳೆರಡೂ ಮುಖ ತಿರುಗಿಸಿಕೊಂಡಿವೆ
ಜಗಳವಾಡಿ ಮಲಗಿದವರ ಹಾಗೆ. ಎಂಟು ಮಿಲಿಮೀಟರ್.
ತಲೆ ಮಾತ್ರ ಒಳಕ್ಕೆ ವಾಲಿದೆ, ಮೂರು ಡಿಗ್ರಿ.

"ಒಳಗೆ ಕೂತುಕೋ" ಎಂದೆ.
"ನಾನ್ಯಾಕೆ?"
ಇಷ್ಟು ತಗ್ಗಿದ ಗಾಡಿಗೆ ಕೂತವನ ಭಾರವೂ ಲೆಕ್ಕ.
ಖಾಲಿ ಗಾಡಿಯನ್ನು ನೇರ ಮಾಡಿದರೆ
ಖಾಲಿಯಿದ್ದಾಗ ಮಾತ್ರ ನೇರ.
"ಪಕ್ಕದಲ್ಲಿ ಯಾರು ಕೂರುತ್ತಾರೆ?"
"ಯಾರೂ ಇಲ್ಲ."
ಸ್ಟೇರಿಂಗು ಉಜ್ಜಿದ. "ಭಾನುವಾರ ಅಜ್ಜಿ.
ಬೆಳಿಗ್ಗೆ ಕೂಸಿಸ್ಟರ್ ಕೊಳ್ಳೋಕೆ, ಬಿಸಿ ಪಾಕ ಆರುವ ಮುಂಚೆ."
"ಎಷ್ಟು ತೂಕ?"
"ಅವಳನ್ನ ಕೇಳೋ ಧೈರ್ಯ ಯಾರಿಗಿದೆ?"

ಅಕ್ಕನ ನಾಳೆಯ ರೋಟಿಯ ಮೈದಾ ಮೂಟೆ, ಐವತ್ತು ಕಿಲೋ,
ಎತ್ತಿ ಕೂರಿಸಿ ಬೆಲ್ಟು ಕಟ್ಟಿದೆ.
ಸಾಲದೆಂದು ತಲೆಯಾಡಿಸಿದ.
ತೊಡೆಯ ಮೇಲೊಂದು ಹಳೇ ಬ್ಯಾಟರಿ ಇಟ್ಟೆ.
"ಈಗ ಅಜ್ಜಿ" ಎಂದ.

ಮೊದಲು ವಾಲು, ಆಮೇಲೆ ದಿಕ್ಕು.
ತಿರುವುಮುರುವಾದರೆ ತಿದ್ದಿದ್ದೆಲ್ಲ ಮತ್ತೆ ತಪ್ಪು.
ತುಕ್ಕಿನ ಬೋಲ್ಟು ಕಿರುಚಿ ಸಡಿಲಿತು.
ಟೈ ರಾಡಿಗೆ ಕಾಲು ಸುತ್ತು. ಅವನನ್ನೂ ಅಜ್ಜಿಯನ್ನೂ
ಕೂರಿಸಿಕೊಂಡೇ ಗಾಡಿ ಹಿಂದಕ್ಕೆ ತಳ್ಳಿ,
ಮುಂದಕ್ಕೆ ತಳ್ಳಿ, ಬಿಲ್ಲೆಯ ಮೇಲಕ್ಕೇ ಮರಳಿಸಿ
ಮತ್ತೆ ಅಳತೆ.
ಮತ್ತೆ ಕಾಲು ಸುತ್ತು.

ದಿಕ್ಕು ಸೊನ್ನೆಗೆ ಬಂತು. ವಾಲು ಪೂರ್ತಿ ಹೋಗಲಿಲ್ಲ,
ಒಂದೂವರೆ ಉಳಿಯಿತು.
ಬೋಲ್ಟಿನ ತೂತು ಬಿಟ್ಟುಕೊಡುವುದು ಅಷ್ಟೇ.
"ಎರಡು ಬೆರಳು ಎತ್ತಿಸಿದರೆ..." ಎಂದು ಶುರುಮಾಡಿ
ಅವನ ಮುಖ ನೋಡಿ
ಸ್ಪ್ಯಾನರು ಒರೆಸಿದೆ.

ಕ್ಲಿಪ್‌ಫಾಂಟೇನ್ ರಸ್ತೆಯಲ್ಲಿ ಎರಡೂ ಕೈ ಮೇಲೆತ್ತಿ ತೋರಿಸಿದ.
ಗಾಡಿ ದಾರ ಹಿಡಿದಂತೆ ಹೋಗುತ್ತಿತ್ತು,
ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು
ನಮ್ಮಕ್ಕನ ಮೈದಾ.