ಒಂಬತ್ತನೆಯ ಫಿಲ್ಮು

ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ,
ಕೊಬ್ಬು ಸೊನ್ನೆಗಿಂತ ನೂರು ಕೆಳಗೆ, ಎಲುಬು ಎಲ್ಲಕ್ಕೂ ಮೇಲೆ.
ನೀರನ್ನು ಸೊನ್ನೆ ಅಂದವನು
ಮಂಗಳೂರಿನಲ್ಲಿ ಒಂದು ಏಪ್ರಿಲ್ ಕಳೆದವನಲ್ಲ.
ಬೆಳಗಿನ ಐದಕ್ಕೇ ಪುಸ್ತಕದ ಪುಟ ಮೊಣಕೈಗೆ ಅಂಟುತ್ತದೆ,
ಹಾಸ್ಟೆಲಿನ ಫ್ಯಾನು ಅದೇ ಬಿಸಿಗಾಳಿಯನ್ನು
ಕಲಸಿ ಕಲಸಿ ಬಡಿಸುತ್ತದೆ.

ಇದು ಎರಡನೇ ಸಲ.
ಹೋದ ವರ್ಷ ಒಂಬತ್ತನೆಯ ಫಿಲ್ಮಿನಲ್ಲಿ ಬಿದ್ದೆ
(ಅದೊಂದರಲ್ಲೇ ಅಲ್ಲ, ನೆನಪಿರುವುದು ಅದೊಂದೇ).
ಎದೆಯ ಎಕ್ಸ್‌ರೇ. ಎರಡೂ ಶ್ವಾಸಕೋಶದಲ್ಲಿ
ಗೋಲಿಯಷ್ಟು ದಪ್ಪದ ಬಿಳಿ ಉಂಡೆಗಳು,
ಬಾಗಿಲಲ್ಲಿ ನಿಂತ ಅಟೆಂಡರಿಗೂ ಕಾಣುವಷ್ಟು.
ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಬರೆದೆ:
ಬೇರೆಲ್ಲಿಂದಲೋ ಹರಡಿ ಬಂದ ಗಡ್ಡೆ. ಮೂಲ ತಿಳಿಯದು.
ಗಂಟೆ ಹೊಡೆಯಿತು, ಹತ್ತಕ್ಕೆ ಸರಿದೆ.
ಹೊರಗೆ ಬಂದು ಚಪ್ಪಲಿ ಹಾಕುವಾಗ ಶಂಶಾದ್ ಕೇಳಿದಳು:
"ಬಲಗಡೆ ಮೊಲೆಯ ನೆರಳೇ ಇರಲಿಲ್ಲ, ನೋಡಿದೆಯಾ?"

ಇರುವುದನ್ನು ನೋಡಲು ಮೂರು ವರ್ಷ ಕಲಿತಿದ್ದೆ.
ಇಲ್ಲದ್ದು ತಾನಾಗಿ ಕೈ ಎತ್ತುವುದಿಲ್ಲ.

ಅವಳು ಪಾಸು. ಈಗ ಕಾಸರಗೋಡಿನಲ್ಲಿ ಕೆಲಸ,
ರಾತ್ರಿ ಹತ್ತಕ್ಕೆ ಫೋನು ಮಾಡಿ ನನಗೆ ಪ್ರಶ್ನೆ ಹಾಕುತ್ತಾಳೆ,
ನಡುವೆ ಮೀನು ಹುರಿಯುವ ಸದ್ದು ಕೇಳಿಸುತ್ತದೆ.

ಫಿಲ್ಮಿನಲ್ಲಿ ಅವರ ಎಡ ನನ್ನ ಬಲ.
ಮೊನ್ನೆ ಜ್ಯೋತಿ ಸರ್ಕಲಿನಲ್ಲಿ ಎಡಕ್ಕೆ ಅಂದೆ, ಬಲಕ್ಕೆ ಕೈ ತೋರಿಸಿದೆ.
ರಿಕ್ಷಾದವ ಬ್ರೇಕ್ ಹಾಕಿ ಹಿಂದೆ ತಿರುಗಿದ:
"ಒಂದು ಹೇಳಿ ಮಾರಾಯ್ರೆ,
ಬಾಯಿ ಹೇಳಿದ್ದು ಕೇಳುವುದಾ, ಕೈ ಹೇಳಿದ್ದಾ?"

ಬಸ್ತ್ಯಾಂವ್ ಲೋಬೊ, ಡಾರ್ಕ್‌ರೂಮಿನ ಕಾಲದಿಂದ ಇಲ್ಲಿದ್ದವರು,
ಮೇ ತಿಂಗಳಿಗೆ ನಿವೃತ್ತಿ.
ಉಗುರಿನ ಸಂದಿಯಲ್ಲಿ ಹೈಪೋ ವಾಸನೆ ಇನ್ನೂ ಹೋಗಿಲ್ಲವಂತೆ,
ಹೆಂಡತಿ ಹೇಳುವುದು.
ಬೀರುವಿನ ಕೆಳಖಾನೆಯಿಂದ ಒಂದು ಕಟ್ಟು ತೆಗೆದು ಕೊಟ್ಟರು:
"ಕಂಪ್ಯೂಟರ್ ಬರುವ ಮೊದಲಿನವು. ಓದಿ."
ಎಲ್ಲದರ ಒಂದು ಮೂಲೆಗೆ ಕತ್ತರಿ ಬಿದ್ದಿದೆ, ಹೆಸರು ಇದ್ದ ಜಾಗಕ್ಕೆ.
ಉಳಿದದ್ದು ವಯಸ್ಸು, ಹೆಣ್ಣೋ ಗಂಡೋ,
ಸೀಸದ ಒಂದು ಅಕ್ಷರ.

ಎರಡು ನಿಮಿಷಕ್ಕೆ ಒಂದು. ಮೊಬೈಲಿನಲ್ಲಿ ಗಂಟೆ ಇಟ್ಟು
ಕ್ರಮ ತಪ್ಪದೆ ಸುತ್ತುತ್ತೇನೆ:
ತುದಿ, ಹೃದಯದ ಹಿಂದೆ, ವಪೆಯ ಅಡಿ,
ಪಕ್ಕೆಲುಬು ಒಂದೊಂದಾಗಿ,
ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟು ಕೇಳಿದ ಹಾಗೆ,
ಭುಜ, ಚರ್ಮ,
ಆಮೇಲೆ ಇಲ್ಲದ್ದು.

ಹತ್ತೊಂಬತ್ತನೆಯದರಲ್ಲಿ ಪೆನ್ನು ನಿಂತಿತು.
ಹೆಣ್ಣು, ನಲವತ್ತೊಂದು. ಎಡಗಡೆ ನೆರಳಿಲ್ಲ.
ಶ್ವಾಸಕೋಶ ತೊಳೆದು ಕವುಚಿಟ್ಟ ಬಸಿಯಷ್ಟು ಸ್ವಚ್ಛ.
ಅಂಚು ಮಾತ್ರ ಒಂದಿಷ್ಟು ಕದಡಿದೆ.

ಲೋಬೊ ಕನ್ನಡಕ ಹಣೆಗೇರಿಸಿದರು.
"ಇದು ನಾನೇ ತೆಗೆದದ್ದು. ಬೆಂಗರೆಯಿಂದ ದೋಣಿ ದಾಟಿ ಬಂದವರು.
'ಉಸುಲು ಪತ್ಲೆ' ಅಂದೆ. ಹಿಡಿದರು.
ಬಟನ್ ಒತ್ತುವಾಗ 'ಏತ್ ಪೊರ್ತು?' ಅಂತ ಕೇಳಿಯೇಬಿಟ್ಟರು,
ಎಷ್ಟು ಹೊತ್ತು ಅಂತ.
ಆ ಮಾತೇ ಇಲ್ಲಿ ಅಲುಗಿದ್ದು.
ಇನ್ನೊಂದು ತೆಗೆಯಲು ಆ ದಿನ ಫಿಲ್ಮು ಇರಲಿಲ್ಲ, ಸರ್ ಬೈದರು."

ಮತ್ತೆ?

"ಮತ್ತೆ ಏಳು ವರ್ಷ ಬಂದರು. ಒಮ್ಮೆ ನಂಗು ಮೀನು ತಂದು ಕೊಟ್ಟರು.
ಆಮೇಲಿನದ್ದು ನನಗೆ ಗೊತ್ತಿಲ್ಲ."

ಉತ್ತರ ಪತ್ರಿಕೆಯಲ್ಲಿ ಮೀನಿಗೆ ಜಾಗವಿಲ್ಲ.
ಬರೆದೆ: ಎಡ ಸ್ತನ ತೆಗೆಯಲಾಗಿದೆ. ಶ್ವಾಸಕೋಶದಲ್ಲಿ ದೋಷ ಕಾಣುವುದಿಲ್ಲ.
ರೋಗಿಯ ಚಲನೆಯಿಂದ ಅಂಚು ಅಸ್ಪಷ್ಟ.
ಚಲನೆ ಎಂಬ ಪದವನ್ನು ಹೊಡೆದುಹಾಕಿದೆ,
ಬೇರೆ ಪದ ಸಿಗಲಿಲ್ಲ, ಅದನ್ನೇ ಮತ್ತೆ ಬರೆದೆ.
ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು.

ಪರೀಕ್ಷೆಗೆ ಇನ್ನು ಹನ್ನೊಂದು ದಿನ.
ಇಪ್ಪತ್ತನೆಯದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ, ತಲೆಕೆಳಗಾಗಿ.
ಲೋಬೊ ಏನೂ ಹೇಳದೆ
ಅದನ್ನು ತಿರುಗಿಸಿಟ್ಟು
ಊಟದ ಡಬ್ಬಿ ಹುಡುಕಲು ಹೋದರು.